ಸಿಂಕ್ ಮೇಲೆ ಒಣಗುವ ಹನಿ

ನಾನೂ ಅಕ್ಕನೂ ಒಂದೇ ವರ್ಷ ಅಡುಗೆಮನೆ ಸರಿ ಮಾಡಿಸಿದೆವು. ಸಿಂಕ್ ಕೂಡ ಇಬ್ಬರೂ ಒಂದೇ ಥರದ್ದು ತೆಗೆದುಕೊಂಡೆವು. ಅದೇ ಅಳತೆ, ಅದೇ ಮಾಡೆಲ್, ಅದೇ ಸ್ಟೇನ್‌ಲೆಸ್ ಸ್ಟೀಲ್. ಅವಳ ಮನೆ ಸಮುದ್ರದ ಹತ್ತಿರ. ನಮ್ಮದು ಒಳನಾಡು, ಒಣ ಗಾಳಿ, ಬೋರ್‌ವೆಲ್ ನೀರು.

ವರ್ಷ ಕಳೆಯುವ ಹೊತ್ತಿಗೆ ಅಕ್ಕ ಒಂದು ಫೋಟೋ ಕಳಿಸಿದಳು. ನಲ್ಲಿಯ ಬುಡದಲ್ಲಿ, ಸೋಪಿನ ಡಬ್ಬಿ ಇಡುವ ಮೂಲೆಯಲ್ಲಿ, ಸೂಜಿಮೊನೆಯಷ್ಟು ಸಣ್ಣ ಕಂದು ಚುಕ್ಕೆಗಳು. ಹಿಂದೆಯೇ ಫೋನ್ ಬಂತು. "ಸ್ಟೇನ್‌ಲೆಸ್ ಅಂದ್ರೆ ತುಕ್ಕು ಹಿಡಿಯಲ್ಲ ಅಂತ ತಾನೆ ಅರ್ಥ? ಇದೇನೋ ಇದು?" ಅಂದಳು. ನಾನು ನಮ್ಮ ಸಿಂಕ್‌ನ ಫೋಟೋ ಕಳಿಸಿದೆ. ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ಆದರೆ ಅಂಚಿನ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಗೆರೆ, ನಲ್ಲಿಯ ಬಾಯಲ್ಲಿ ಬಿಳಿ ಗಂಟು, ತಳದಲ್ಲೆಲ್ಲ ಬಳೆ ಬಳೆಯಂಥ ಗುರುತು. "ನಿಂದು ಬೇರೆ ಥರ ಹಾಳಾಗಿದೆ ಬಿಡು" ಅಂದಳು ಅಕ್ಕ.

ಬೇರೆ ಥರ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮನೆಯಲ್ಲಿ ಪಾತ್ರೆ ತೊಳೆಯುವುದು ನನ್ನ ಕೆಲಸ. ದಿನಕ್ಕೆ ಎರಡು ಹೊತ್ತು ಆ ಸಿಂಕ್ ಮುಂದೆ ನಿಲ್ಲುತ್ತೇನೆ. ಸಿಂಕ್ ಕೊಳ್ಳುವಾಗ ನಾನು ಏನೇನು ನೋಡಿದ್ದೆ ಅಂತ ನೆನಪು ಮಾಡಿಕೊಂಡೆ. ಆಳ ನೋಡಿದ್ದೆ, ಹೊಳಪು ನೋಡಿದ್ದೆ, ಬೆರಳಲ್ಲಿ ತಟ್ಟಿ ಸದ್ದು ಕೇಳಿದ್ದೆ. ನಮ್ಮನೆ ನೀರಿನ ಬಗ್ಗೆ ಒಂದು ಸಲವೂ ಯೋಚನೆ ಮಾಡಿರಲಿಲ್ಲ. ಅಂಗಡಿಯಲ್ಲಿ ಇಟ್ಟಿರುವ ಸಿಂಕ್ ಒಣಗಿರುತ್ತದೆ. ಅದರ ಮೇಲೆ ಒಂದು ಹನಿ ನೀರೂ ಬಿದ್ದಿರುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲ ಸಿಂಕೂ ಚೆನ್ನಾಗಿಯೇ ಕಾಣುತ್ತದೆ.

ಒಂದು ಬೆಳಗ್ಗೆ ಪಾತ್ರೆ ಎಲ್ಲ ತೊಳೆದಾದ ಮೇಲೆ ಸಿಂಕ್ ಒರೆಸದೆ ಹಾಗೇ ಬಿಟ್ಟು, ಒಂದು ಹನಿಯನ್ನು ನೋಡುತ್ತಾ ಕೂತೆ. ಅಂಚಿನ ಮೇಲೆ ಇದ್ದ ಹನಿ ಅದು, ಅಂಗಿಯ ಗುಂಡಿಯಷ್ಟು ಅಗಲ. ಮೊದಮೊದಲು ಏನೂ ಆಗಲಿಲ್ಲ. ನಿಧಾನಕ್ಕೆ ಹನಿಯ ಹೊಟ್ಟೆ ಇಳಿಯಿತು, ಆದರೆ ಅಂಚು ಸರಿಯಲಿಲ್ಲ. ಹನಿ ಚಪ್ಪಟೆ ಆಗುತ್ತಾ ಹೋದ ಹಾಗೆ ಆ ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಬಿಳಿ ಗೆರೆ ಮೂಡಿತು. ನಡುವಿನ ನೀರು ಪೂರ್ತಿ ಆರಿದಾಗ ಒಳಗೆ ತೆಳ್ಳಗೆ ಮಂಜು ಕವಿದ ಹಾಗಿತ್ತು, ಸುತ್ತ ಗಟ್ಟಿ ಬಳೆ. ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆರಿದ ಜಾಗ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ. ಹರಿಯುವಾಗ ತನ್ನಲ್ಲಿ ಇರುವುದನ್ನೆಲ್ಲ ಹೊತ್ತುಕೊಂಡು ಹೋಗಿ ಅಂಚಿನಲ್ಲಿ ಸುರಿಯುತ್ತದೆ. ಚೆಲ್ಲಿದ ಕಾಫಿ ಒಣಗಿದಾಗ ಬಳೆಯಂಥ ಕಲೆ ಯಾಕಾಗುತ್ತದೆ ಅನ್ನುವುದನ್ನು ಶಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಹೀಗೇ ವಿವರಿಸಿದ್ದರು. ನಮ್ಮ ಸಿಂಕ್ ಮೇಲಿನ ಬಳೆಗಳೂ ಅದೇ ದಾರಿಯಲ್ಲಿ ಬಂದವು.

ಅಲ್ಲಿಂದ ಮುಂದೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಸಿಂಕ್ ಮೇಲೆ ಹರಿದು ಹೋಗುವ ನೀರಿನಿಂದ ಅಂಥ ತೊಂದರೆ ಇಲ್ಲ. ನಿಂತು ಒಣಗುವ ಕೊನೆಯ ಹನಿಯಿಂದಲೇ ಎಲ್ಲ ತೊಂದರೆ. ಯಾವ ಸಿಂಕ್ ಒಳ್ಳೆಯದು ಅನ್ನುವ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆ ಹನಿಯಲ್ಲಿ ಏನಿದೆ, ಅದು ಎಷ್ಟು ಹೊತ್ತಿಗೆ ಆರುತ್ತದೆ ಅನ್ನುವುದರಲ್ಲಿ. ಮೊದಲನೆಯದನ್ನು ನಿಮ್ಮ ನೀರು ಹೇಳುತ್ತದೆ, ಎರಡನೆಯದನ್ನು ನಿಮ್ಮೂರಿನ ಗಾಳಿ.

ನಾನು ಎರಡೂ ಮನೆಯ ನೀರನ್ನು ಪರೀಕ್ಷೆಗೆ ಕೊಟ್ಟೆ. ವರದಿಯಲ್ಲಿ ಸಾಲು ಸಾಲು ಅಂಕಿ ಇರುತ್ತದೆ, ಆದರೆ ಸಿಂಕ್ ಮಟ್ಟಿಗೆ ನಾಲ್ಕು ನೋಡಿದರೆ ಸಾಕು: ಗಡಸುತನ (ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ), ಕ್ಲೋರೈಡ್ (ಉಪ್ಪಿನ ಅಂಶ), ಕಬ್ಬಿಣ, ಪಿಎಚ್ (ನೀರಿನ ಹುಳಿಯ ಅಳತೆ, ಅಂಕಿ ಕಮ್ಮಿ ಆದಷ್ಟೂ ಹುಳಿ ಜಾಸ್ತಿ). ನಮ್ಮ ನೀರಿನ ಗಡಸುತನ ಲೀಟರಿಗೆ 420 ಮಿಲಿಗ್ರಾಂ. 120 ದಾಟಿದರೆ ಗಡಸು, 180 ದಾಟಿದರೆ ತುಂಬಾ ಗಡಸು ಅಂತ ಲೆಕ್ಕ. ನಮ್ಮದು ಅದಕ್ಕೂ ಎರಡು ಪಟ್ಟು ಮೇಲೆ. ಆದರೆ ಕ್ಲೋರೈಡ್ ಬರೀ 60. ಅಕ್ಕನ ನೀರು ತದ್ವಿರುದ್ಧ. ಗಡಸುತನ 40, ಸೋಪು ಹಚ್ಚಿದರೆ ನೊರೆಯೋ ನೊರೆ. ಕ್ಲೋರೈಡ್ ಮಾತ್ರ 180. ಬಾಯಿಗೆ ಉಪ್ಪು ಅನ್ನಿಸುವಷ್ಟಲ್ಲ, 250ರ ಆಚೆ ಹೋದ ಮೇಲೆಯೇ ಸಾಮಾನ್ಯವಾಗಿ ನಾಲಿಗೆಗೆ ಗೊತ್ತಾಗುವುದು. ಸ್ಟೀಲಿಗೆ ಅದಕ್ಕಿಂತ ಮೊದಲೇ ಗೊತ್ತಾಗುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಇರುವುದು ಯಾಕೆ ಅಂತ ತಿಳಿದುಕೊಂಡರೆ, ಅದು ಯಾವಾಗ ತುಕ್ಕು ಹಿಡಿಯುತ್ತದೆ ಅನ್ನುವುದೂ ತಿಳಿಯುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆ ಬೇಗ ಸವೆಯದ ಹಾಗೆ ಮಾಡಲು ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿ ನೋಡುತ್ತಿದ್ದ. ಅವನಿಗೆ ಸಿಕ್ಕಿದ್ದು ತುಕ್ಕಿಗೆ ಬಗ್ಗದ ಉಕ್ಕು. ಉಕ್ಕಿನಲ್ಲಿ ಕ್ರೋಮಿಯಂ ಸುಮಾರು ಶೇ. 10.5ಕ್ಕಿಂತ ಜಾಸ್ತಿ ಇದ್ದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೊಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ. ಗೀರಿದರೆ ಅಲ್ಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಇಷ್ಟು ತೆಳ್ಳಗಿನ ಒಂದು ಪೊರೆ ಇಡೀ ಸಿಂಕ್ ಕಾಯುತ್ತಿದೆ ಅಂದರೆ ನನಗೆ ಈಗಲೂ ಅಚ್ಚರಿ.

ಆ ಪೊರೆಯನ್ನು ಚುಚ್ಚುವುದು ಕ್ಲೋರೈಡ್. ಉಪ್ಪಿನಲ್ಲಿ ಇರುವುದು ಅದೇ, ಬ್ಲೀಚ್‌ನಲ್ಲಿ ಉಳಿಯುವುದೂ ಅದೇ. ಅದು ಪೊರೆಯನ್ನು ಪೂರ್ತಿ ಕೀಳುವುದಿಲ್ಲ, ಒಂದೊಂದು ಕಡೆ ಸಣ್ಣ ತೂತು ಮಾಡುತ್ತದೆ. ತೂತಿನೊಳಗೆ ಆಮ್ಲಜನಕ ಹೋಗದು, ಪೊರೆ ಮತ್ತೆ ಕಟ್ಟದು, ಒಳಗೊಳಗೇ ಕೊರೆತ ಶುರು. ಅಕ್ಕನ ಸಿಂಕ್‌ನ ಚುಕ್ಕೆಗಳು ಹೀಗೆ ಹುಟ್ಟಿದ್ದು. ಸಾಮಾನ್ಯವಾಗಿ 304 ಗ್ರೇಡಿನ ಸ್ಟೀಲಿಗೆ ಲೀಟರಿಗೆ 200 ಮಿಲಿಗ್ರಾಂವರೆಗೂ, 316 ಗ್ರೇಡಿಗೆ 1000 ಮಿಲಿಗ್ರಾಂವರೆಗೂ ಕ್ಲೋರೈಡ್ ಇದ್ದರೆ ಪರವಾಗಿಲ್ಲ ಅನ್ನುತ್ತಾರೆ. ಅಕ್ಕನ ನೀರು 180. ಹಾಗಾದರೆ ಬಚಾವ್ ಆಗಬೇಕಿತ್ತಲ್ಲ? ಆ ಲೆಕ್ಕ ಹರಿಯುವ ನೀರಿನದ್ದು. ಹನಿ ಒಣಗುತ್ತಾ ಹತ್ತರಲ್ಲಿ ಒಂದು ಪಾಲು ಆದಾಗ ಅದರಲ್ಲಿನ ಕ್ಲೋರೈಡ್ ಹತ್ತು ಪಟ್ಟು ಗಟ್ಟಿಯಾಗಿರುತ್ತದೆ. 180 ಇದ್ದದ್ದು 1800. ಸೋಪಿನ ಡಬ್ಬಿಯ ಅಡಿಯಲ್ಲಿ ಗಾಳಿಯೂ ಆಡುವುದಿಲ್ಲ, ಒರೆಸುವ ಬಟ್ಟೆಯೂ ಹೋಗುವುದಿಲ್ಲ.

ಇದರ ಮೇಲೆ ಸಮುದ್ರದ ಗಾಳಿ. ಅಲೆ ಒಡೆದಾಗ ಹಾರುವ ಸಣ್ಣ ಸಣ್ಣ ಹನಿಗಳು ಗಾಳಿಯಲ್ಲೇ ಒಣಗಿ ಉಪ್ಪಿನ ಕಣವಾಗಿ ಮನೆಯೊಳಗೆ ಬರುತ್ತವೆ. ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಬೇರೆ ಕಡೆ ರಾತ್ರಿ ಒರೆಸಿಟ್ಟ ಸಿಂಕ್ ಬೆಳಗ್ಗೆವರೆಗೂ ಒಣಗಿರುತ್ತದೆ. ಕಡಲ ಪಕ್ಕ ಹಾಗಲ್ಲ. ಒರೆಸಿಟ್ಟ ಸಿಂಕ್ ಮೇಲೆ ಕೂತ ಉಪ್ಪು ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ. ಅಲ್ಲಿ ಹನಿ ಆರುವುದೇ ಇಲ್ಲ ಅಂದರೂ ಸರಿ.

ಗ್ರೇಡಿನ ಕಥೆ ಇನ್ನೊಂದು ಇದೆ. 304 ಅಂದರೆ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. 316ರಲ್ಲಿ ಇವುಗಳ ಜೊತೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಕ್ಲೋರೈಡ್ ತಡೆಯುವುದು ಅದರಿಂದಲೇ. ನಿಕ್ಕಲ್ ದುಬಾರಿ. ಅದಕ್ಕೆ 201, 202 ಅನ್ನುವ ಗ್ರೇಡುಗಳಲ್ಲಿ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕುತ್ತಾರೆ. ಇವೂ ಹೊಳೆಯುತ್ತವೆ, ಇವೂ ಅಷ್ಟೇ ಗಟ್ಟಿ. ಕ್ಲೋರೈಡ್ ಮುಂದೆ ಮಾತ್ರ ಬೇಗ ಸೋಲುತ್ತವೆ. ನಾವು ಕೊಂಡ ಎರಡೂ ಸಿಂಕ್ ಮೇಲೆ 304 ಅಂತಲೇ ಮುದ್ರೆ ಇತ್ತು. ಅಂಗಡಿಯವರು ಅಯಸ್ಕಾಂತ ಹಿಡಿದು, ಅದು ಅಂಟದ್ದನ್ನು ತೋರಿಸಿ ನಂಬಿಸಿದ್ದರು. ಆಮೇಲೆ ಲೋಹದ ಕೆಲಸ ಮಾಡುವವರೊಬ್ಬರ ಹತ್ತಿರ ರಾಸಾಯನಿಕದ ಹನಿ ಹಾಕಿ ನೋಡಿಸಿದೆವು. ಬಣ್ಣ ಬದಲಾಯಿತು. ಎರಡೂ 304 ಅಲ್ಲ. ಅಯಸ್ಕಾಂತಕ್ಕೆ 202 ಕೂಡ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆಯಿಂದ ಇದು ಸಿಕ್ಕಿಬೀಳುವುದೇ ಇಲ್ಲ. ನಿಕ್ಕಲ್ ಇಲ್ಲದ 430ರಂಥ ಗ್ರೇಡನ್ನು ಮಾತ್ರ ಅದು ಹಿಡಿದುಕೊಡುತ್ತದೆ. ಇನ್ನೊಂದು ಕಡೆ, ಅಸಲಿ 304 ಕೂಡ ಬಗ್ಗಿಸಿದ ಮೂಲೆಗಳಲ್ಲಿ ಸ್ವಲ್ಪ ಎಳೆಯಬಹುದು. ಅಷ್ಟಕ್ಕೇ ಅದು ನಕಲಿ ಅಲ್ಲ.

ಮೋಸ ಹೋದ ಸಿಟ್ಟು ಇದ್ದೇ ಇತ್ತು. ಆದರೆ ಸಿಟ್ಟು ಇಳಿದ ಮೇಲೆ ನನಗೆ ಹೊಳೆದದ್ದು ಬೇರೆ. ಅದೇ ಕಳಪೆ ಗ್ರೇಡಿನ ಸಿಂಕ್ ನಮ್ಮನೆಯಲ್ಲಿ ತುಕ್ಕು ಹಿಡಿದಿರಲಿಲ್ಲ. ಇವತ್ತಿಗೂ ಹಿಡಿದಿಲ್ಲ. ಅಕ್ಕ ಆ ಫೋಟೋ ಕಳಿಸದೆ ಇದ್ದಿದ್ದರೆ ನನಗೆ ಆಯುಷ್ಯವಿಡೀ ಗೊತ್ತಾಗುತ್ತಲೇ ಇರಲಿಲ್ಲ. ನಮ್ಮ ನೀರಿಗೂ ಗಾಳಿಗೂ ಆ ಸ್ಟೀಲಿನ ದೌರ್ಬಲ್ಯ ಸಿಗಲೇ ಇಲ್ಲ, ಅವಳ ನೀರಿಗೆ ವರ್ಷದೊಳಗೆ ಸಿಕ್ಕಿತು.

ಸ್ಟೀಲ್ ಬೇಕು ಅನ್ನುವವರಿಗೆ ಇನ್ನೂ ಎರಡು ಮಾತು. ಗೇಜ್ ಅಂಕಿ ಕಮ್ಮಿ ಆದಷ್ಟೂ ತಗಡು ದಪ್ಪ. 16 ಗೇಜ್ ಅಂದರೆ ಒಂದೂವರೆ ಮಿಲಿಮೀಟರ್ ಆಸುಪಾಸು, 18 ಅಂದರೆ ಒಂದೂಕಾಲು. ದಪ್ಪ ಇದ್ದರೆ ತಗ್ಗು ಬೀಳುವುದು ಕಮ್ಮಿ, ಸದ್ದು ಕಮ್ಮಿ. ತುಕ್ಕಿಗೂ ಅದಕ್ಕೂ ಸಂಬಂಧ ಇಲ್ಲ, ಅದನ್ನು ತೀರ್ಮಾನಿಸುವುದು ಗ್ರೇಡ್. ಎರಡನೆಯದು, ಹೊಸ ಮನೆಯಲ್ಲಿ ಟೈಲ್ಸ್ ಮೇಲಿನ ಸಿಮೆಂಟ್ ತೆಗೆಯಲು ಆ್ಯಸಿಡ್ ಹಾಕುತ್ತಾರಲ್ಲ, ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಅದು ಸಿಂಕ್‌ಗೆ ತಾಗಲೇಬೇಕು ಅಂತಿಲ್ಲ. ಅದರ ಹಬೆ ಸಾಕು, ವಾರದೊಳಗೆ ಹೊಚ್ಚ ಹೊಸ ಸ್ಟೀಲ್ ಮೇಲೆ ಕಂದು ಛಾಯೆ ಬರಬಹುದು. ಆ ಕೆಲಸ ಮುಗಿದ ಮೇಲೆಯೇ ಸಿಂಕ್ ಕೂರಿಸಿ. ಕಬ್ಬಿಣದ ನಾರಿನಲ್ಲಿ ಉಜ್ಜುವುದೂ ಬೇಡ. ಅದರ ಎಳೆ ಮುರಿದು ಸಿಂಕ್‌ಗೆ ಅಂಟಿಕೊಂಡು ತಾನು ತುಕ್ಕು ಹಿಡಿಯುತ್ತದೆ, ಹೆಸರು ಕೆಡುವುದು ಸಿಂಕ್‌ದು.

ಈಗ ನಮ್ಮ ಕಡೆಯ ಕಥೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನೀರು ಆರುವಾಗ ಕರಗಿದ್ದ ಬೈಕಾರ್ಬೊನೇಟ್ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಸುಣ್ಣದ ಕಲ್ಲು ಅಂದರೆ ಇದೇ. ಅಂದರೆ ದಿನಾ ಎರಡು ಹೊತ್ತು ನಾವು ಸಿಂಕ್ ಮೇಲೆ ಕಲ್ಲಿನ ತೆಳ್ಳಗಿನ ಪದರ ಹಾಸುತ್ತಿದ್ದೇವೆ. ಅಂದಂದೇ ಒರೆಸಿದರೆ ಬಟ್ಟೆಯಲ್ಲೇ ಹೋಗುತ್ತದೆ. ತಿಂಗಳು ಬಿಟ್ಟರೆ ಉಗುರಿಗೂ ಜಗ್ಗುವುದಿಲ್ಲ.

ಇದು ಸ್ಟೀಲನ್ನು ಕೊರೆಯುವುದಿಲ್ಲ, ಅಂದಗೆಡಿಸುತ್ತದೆ ಅಷ್ಟೇ. ಹಾಗಾಗಿ ಗಡಸು ನೀರಿನವರಿಗೆ ವಸ್ತುವಿಗಿಂತ ಬಣ್ಣವೂ ಮೇಲ್ಮೈಯೂ ಮುಖ್ಯ. ನಮ್ಮ ಎದುರು ಮನೆಯವರು ಕಪ್ಪು ಕಾಂಪೊಸಿಟ್ ಸಿಂಕ್ ಹಾಕಿಸಿದರು. ಗ್ರಾನೈಟ್ ಸಿಂಕ್ ಅಂತ ಮಾರುತ್ತಾರಲ್ಲ, ಅದು. ನಿಜವಾಗಿ ಅದು ಸುಮಾರು ಶೇ. 80ರಷ್ಟು ಕ್ವಾರ್ಟ್ಸ್ ಅಥವಾ ಗ್ರಾನೈಟ್ ಪುಡಿ, ಉಳಿದದ್ದು ಅಕ್ರಿಲಿಕ್ ಅಂಟು, ಅಚ್ಚಿನಲ್ಲಿ ಬೇಯಿಸಿದ್ದು. ಒಳ್ಳೆಯ ವಸ್ತುವೇ. ಕ್ವಾರ್ಟ್ಸ್ ಗಡಸು, ಅಷ್ಟು ಸುಲಭಕ್ಕೆ ಗೀರು ಬೀಳುವುದಿಲ್ಲ. ಕ್ಲೋರೈಡ್ ಅದನ್ನು ಏನೂ ಮಾಡದು. ಆದರೆ ಕಪ್ಪಿನ ಮೇಲೆ ಬಿಳಿ! ಹೊಸದಾಗಿ ಬಂದಾಗ ಮಳೆಗಾಲದ ಮೋಡದ ಹಾಗಿದ್ದ ಸಿಂಕ್ ಆರು ತಿಂಗಳಲ್ಲಿ ಬೂದಿ ಎರಚಿದ ಹಾಗಾಯಿತು. ಬಣ್ಣ ಹೋಯಿತು ಅಂದುಕೊಂಡು ಪಾಪ ಅವರು ಬೇಜಾರು ಮಾಡಿಕೊಂಡರು. ಬಣ್ಣ ಎಲ್ಲೂ ಹೋಗಿರಲಿಲ್ಲ. ಒಂದು ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ಕಾಲು ಗಂಟೆ ಹಾಸಿ ತೆಗೆದಾಗ, ಬಟ್ಟೆ ಇದ್ದಷ್ಟು ಜಾಗ ಚೌಕವಾಗಿ ಕಪ್ಪಗೆ ಹೊಳೆಯಿತು. ಅವರ ಮುಖ ನೋಡಬೇಕಿತ್ತು. ಅದೇ ಸಿಂಕ್ ತಿಳಿ ಬೂದು ಬಣ್ಣದ್ದೋ ಮರಳಿನ ಬಣ್ಣದ್ದೋ ಆಗಿದ್ದಿದ್ದರೆ ಇಷ್ಟು ಕಷ್ಟ ಇರಲಿಲ್ಲ. ಸ್ಟೀಲಿನಲ್ಲೂ ಹಾಗೇ. ಕನ್ನಡಿ ಥರ ಮಿಂಚುವುದಕ್ಕಿಂತ ಗೆರೆ ಎಳೆದ ಮಂದ ಮೇಲ್ಮೈ ಗಡಸು ನೀರಿಗೆ ವಾಸಿ, ಬಳೆಗಳು ಅದರಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ.

ವಿನೆಗರ್ ವಿಷಯದಲ್ಲಿ ಒಂದು ಎಚ್ಚರಿಕೆ. ಅದು ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಅಮೃತಶಿಲೆ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಮೊಸಾಯಿಕ್‌ನಲ್ಲಿ, ಸಿಮೆಂಟಿನಲ್ಲಿ ಆಮ್ಲಕ್ಕೆ ಕರಗುವ ಭಾಗ ಬೇಕಾದಷ್ಟಿದೆ. ಅಂಥ ಸಿಂಕ್‌ಗೆ ವಿನೆಗರ್ ಹಾಕಿದರೆ ಕಲೆಯ ಜೊತೆ ಸಿಂಕ್ ಕೂಡ ಕರಗುತ್ತದೆ. ಗಡಸು ನೀರು ಇರುವ ಕಡೆ ಅಮೃತಶಿಲೆಯ ಸಿಂಕ್ ಬೇಡವೇ ಬೇಡ ಅನ್ನುತ್ತೇನೆ ನಾನು. ಕಲೆ ಆಗುವುದು ಖಂಡಿತ, ತೆಗೆಯುವ ದಾರಿ ಮುಚ್ಚಿರುತ್ತದೆ. ಕಲ್ಲೇ ಬೇಕು ಅಂತ ಆಸೆ ಇದ್ದರೆ ಬಳಪದ ಕಲ್ಲು ನೋಡಿ. ಅದರೊಳಗೆ ನೀರು ಇಳಿಯುವುದಿಲ್ಲ, ಆಮ್ಲಕ್ಕೂ ಅಂಜುವುದಿಲ್ಲ. ಮೆದು ಕಲ್ಲು, ಗೀರು ಬೀಳುತ್ತದೆ, ಆದರೆ ನಯವಾದ ಮರಳು ಕಾಗದದಲ್ಲಿ ಉಜ್ಜಿದರೆ ಹೋಗುತ್ತದೆ. ಇನ್ನು ವಿನೆಗರ್, ಬ್ಲೀಚ್ ಎರಡನ್ನೂ ಯಾವತ್ತೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದರೆ ಬಿಳಿ ಕಲೆ ಪೂರ್ತಿ ಹೋಗುತ್ತದೆ ಅಂತ ನಾನೂ ನಂಬಿದ್ದೆ. ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಇಡುತ್ತದೆ. ನೀರಿನಲ್ಲಿ ಕರಗಿರುವ ಒಟ್ಟು ಮೊತ್ತ ಇಳಿಯುವುದಿಲ್ಲ. ಹಾಗಾಗಿ ಹನಿ ಒಣಗಿದರೆ ಗುರುತು ಆಗಲೂ ಉಳಿಯುತ್ತದೆ. ಆದರೆ ಅದು ಕಲ್ಲಲ್ಲ. ಒದ್ದೆ ಬಟ್ಟೆಗೇ ಕರಗಿ ಹೋಗುತ್ತದೆ.

ಕಬ್ಬಿಣದ ನೀರಿನ ಕಾಟವೇ ಬೇರೆ. ನಲ್ಲಿಯಿಂದ ಬರುವಾಗ ನೀರು ತಿಳಿಯಾಗಿಯೇ ಇರುತ್ತದೆ. ಗಾಳಿ ತಾಗಿದ ಮೇಲೆ ಕರಗಿದ್ದ ಕಬ್ಬಿಣ ಕೆಂಪಗಾಗಿ ಕೂರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ಇದ್ದರೂ ಸಾಕು, ಬಿಳಿ ಸಿಂಕ್‌ನಲ್ಲಿ ನೀರು ತೊಟ್ಟಿಕ್ಕುವ ಕಡೆ ಕೆಂಪು ನಾಲಿಗೆಯಂಥ ಕಲೆ ಮೂಡುತ್ತದೆ. ಬಿಳಿ ಕಂಡ ಕೂಡಲೇ ಎಲ್ಲರ ಕೈ ಬ್ಲೀಚ್ ಕಡೆಗೇ ಹೋಗುತ್ತದೆ, ಅಲ್ವಾ? ಬ್ಲೀಚ್ ಕಬ್ಬಿಣವನ್ನು ಇನ್ನಷ್ಟು ತುಕ್ಕು ಹಿಡಿಸಿ ಕಲೆಯನ್ನು ಗಟ್ಟಿ ಮಾಡುತ್ತದೆ. ಅಲ್ಲಿ ಬೇಕಾಗುವುದು ಸಿಟ್ರಿಕ್ ಆ್ಯಸಿಡ್ ಥರದ್ದು. ಇಂಥ ನೀರಿನವರು ಬಿಳಿ ಪಿಂಗಾಣಿಯ ಆಸೆ ಬಿಡುವುದು ಒಳ್ಳೆಯದು. ಇಲ್ಲವಾದರೆ ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್, ಆಮೇಲೆ ಸಿಂಕ್.

ಪಿಎಚ್ 6.5ಕ್ಕಿಂತ ಕೆಳಗಿರುವ ಮೆದು ನೀರು ನೋಡಲು ಬಲು ಸಾಧು. ಬಿಳಿ ಕಲೆ ಇಲ್ಲ, ನೊರೆ ಚೆನ್ನಾಗಿ ಬರುತ್ತದೆ. ಅದು ತಾಮ್ರವನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ತಾಮ್ರದ ಪೈಪ್ ಇರುವ ಮನೆಗಳಲ್ಲಿ ಸಿಂಕ್ ಮೇಲೆ ನೀಲಿ ಹಸಿರು ಗೆರೆ ಕಂಡರೆ ಅದರ ಬೇರು ಪೈಪ್‌ನಲ್ಲಿದೆ. ಸಿಂಕ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ತಾಮ್ರದ ಸಿಂಕ್ ಅಂತೂ ದಿನಕ್ಕೊಂದು ಬಣ್ಣ ತಾಳುತ್ತದೆ. ಕೆಲವರಿಗೆ ಅದೇ ಇಷ್ಟ. ಒಂದೇ ಬಣ್ಣ ಇರಬೇಕು ಅನ್ನುವವರು ಅದರ ಸಹವಾಸಕ್ಕೆ ಹೋಗದಿರುವುದು ವಾಸಿ.

ಹವಾಮಾನದ ಮಾತು ಸಮುದ್ರದ ಗಾಳಿಗೇ ಮುಗಿಯುವುದಿಲ್ಲ. ಅಕ್ಕನ ಮನೆಯಲ್ಲಿ ಸಿಂಕ್ ಕೆಳಗಿನ ಕಪಾಟಿನ ಹಲಗೆ ಉಬ್ಬಿತ್ತು. ಪೈಪ್ ಸೋರುತ್ತಿದೆ ಅಂತ ಪ್ಲಂಬರ್‌ನ ಎರಡು ಸಲ ಕರೆಸಿದಳು. ಸೋರಿಕೆ ಎಲ್ಲೂ ಇಲ್ಲ. ನಾನು ಹೋದಾಗ ಟಾರ್ಚ್ ಹಿಡಿದು ಕಪಾಟಿನೊಳಗೆ ತಲೆ ತೂರಿಸಿ ನೋಡಿದೆ. ಸಿಂಕ್‌ನ ಹೊಟ್ಟೆಯ ಅಡಿಯಲ್ಲಿ ಸಾಲಾಗಿ ಹನಿಗಳು ನೇತಾಡುತ್ತಿದ್ದವು. ನೋಡುತ್ತಿದ್ದ ಹಾಗೆಯೇ ಎರಡು ಹನಿ ಕೂಡಿಕೊಂಡು, ದಪ್ಪವಾಗಿ, ಟಪ್ ಅಂತ ಹಲಗೆ ಮೇಲೆ ಬಿತ್ತು. 30 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 80 ತೇವ ಇರುವ ಗಾಳಿ ಸುಮಾರು 26 ಡಿಗ್ರಿಗೆ ಇಳಿದರೆ ನೀರಾಗುತ್ತದೆ. ನಲ್ಲಿ ನೀರು ಅದಕ್ಕಿಂತ ತಣ್ಣಗಿದ್ದರೆ ತೆಳ್ಳಗಿನ ಸ್ಟೀಲ್ ತಕ್ಷಣ ತಣ್ಣಗಾಗಿ ಅಡಿಯಲ್ಲಿ ಬೆವರುತ್ತದೆ. ಒಳ್ಳೆಯ ಸ್ಟೀಲ್ ಸಿಂಕ್‌ಗಳ ಕೆಳಗೆ ದಪ್ಪನೆಯ ಬಣ್ಣದಂಥ ಲೇಪ ಬಳಿದಿರುತ್ತಾರೆ. ಅದು ಸದ್ದು ತಡೆಯಲು ಅಂತ ಹೇಳುತ್ತಾರೆ, ಈ ಬೆವರನ್ನೂ ತಡೆಯುತ್ತದೆ. ತೇವದ ಊರಿನವರು ಸಿಂಕ್ ತಿರುಗಿಸಿ ಅಡಿಭಾಗ ನೋಡಿಯೇ ತೆಗೆದುಕೊಳ್ಳಿ.

ಚಳಿ ಜಾಸ್ತಿ ಇರುವ ಕಡೆ ಪಿಂಗಾಣಿ, ಫೈರ್‌ಕ್ಲೇ ಸಿಂಕ್ ಇದ್ದರೆ, ಕೊರೆಯುವ ಬೆಳಗ್ಗೆ ಕುದಿಯುವ ನೀರನ್ನು ಒಮ್ಮೆಲೇ ಸುರಿಯಬೇಡಿ. ಮೊದಲು ನಲ್ಲಿ ಬಿಟ್ಟು, ಅದರ ಜೊತೆ ಸುರಿಯಿರಿ. ಕಿಟಕಿಯಿಂದ ನೇರ ಬಿಸಿಲು ಬೀಳುವ ಜಾಗದಲ್ಲಿ ಅಂಟು ಬೆರೆತ ಸಿಂಕ್‌ಗಳು ವರ್ಷಗಟ್ಟಲೆ ಬಿಸಿಲು ಕುಡಿದು ಬಣ್ಣ ಕೆಡಬಹುದು. ಎರಕದ ಕಬ್ಬಿಣದ ಮೇಲೆ ಎನಾಮೆಲ್ ಹಾಕಿದ್ದು ನೋಡಲು ತುಂಬಾ ಚಂದ. ಮೇಲಿರುವುದು ಗಾಜು, ಅದಕ್ಕೆ ಕ್ಲೋರೈಡ್ ಲೆಕ್ಕಕ್ಕಿಲ್ಲ. ಆದರೆ ಒಂದು ಚೂರು ಎದ್ದರೆ ಒಳಗಿನ ಕಬ್ಬಿಣ ಬಯಲಾಗುತ್ತದೆ. ಒಣ ಊರಿನಲ್ಲಿ ಅದು ಸಣ್ಣ ಗಾಯ, ತೇವದ ಊರಿನಲ್ಲಿ ಆ ಗಾಯ ಬೆಳೆಯುತ್ತದೆ.

ಅಕ್ಕ ಕೊನೆಗೆ ಫೈರ್‌ಕ್ಲೇ ಆರಿಸಿಕೊಂಡಳು. ಸುಮಾರು 1200 ಡಿಗ್ರಿಯಲ್ಲಿ ಸುಟ್ಟ ಮಣ್ಣು, ಮೇಲೆ ಗಾಜಿನ ಮೆರುಗು. ಅವಳ ನೀರಿನಲ್ಲಿ ಗಡಸುತನ ಇಲ್ಲ, ಕಬ್ಬಿಣವೂ ಇಲ್ಲ ಅನ್ನುವಷ್ಟು ಕಮ್ಮಿ. ಅವಳನ್ನು ಕಾಡುತ್ತಿದ್ದದ್ದು ಕ್ಲೋರೈಡ್ ಒಂದೇ, ಅದಕ್ಕೆ ಗಾಜಿನ ಮೇಲೆ ಕೆಲಸ ಇಲ್ಲ. 316 ಸ್ಟೀಲ್ ಕೂಡ ಯೋಚಿಸಿದ್ದೆವು, ನಂಬುವಂಥದ್ದು ಕೈಗೆ ಸಿಗಲಿಲ್ಲ. ಫೈರ್‌ಕ್ಲೇ ಭಾರ, ಕೆಳಗಿನ ಕಟ್ಟೆಗೆ ಆಸರೆ ಕೊಡಿಸಬೇಕಾಯಿತು. ಕೈ ಜಾರಿ ಬಿದ್ದ ಗಾಜಿನ ಲೋಟ ಉಳಿಯುವುದಿಲ್ಲ. ಅದನ್ನೆಲ್ಲ ಅವಳು ಒಪ್ಪಿಕೊಂಡೇ ತೆಗೆದುಕೊಂಡಳು. ಒಂದು ವಿಷಯ ಮಾತ್ರ ಇಬ್ಬರೂ ಮರೆತಿದ್ದೆವು. ಸಿಂಕ್ ಯಾವುದೇ ಇರಲಿ, ನೀರು ಹೋಗುವ ತೂತಿನ ಬಳೆ, ಜಾಲರಿ, ನಲ್ಲಿ, ಇವೆಲ್ಲ ಲೋಹವೇ. ಅವಳ ಅಚ್ಚ ಬಿಳಿ ಸಿಂಕ್‌ನ ನಡುವೆ ನಾಲ್ಕೇ ತಿಂಗಳಲ್ಲಿ ಆ ಬಳೆ ಕಂದಾಯಿತು. ಈಗ ಅದನ್ನು ಬದಲಾಯಿಸಿದ್ದಾಳೆ, ಈ ಸಲ ರಾಸಾಯನಿಕದ ಹನಿ ಹಾಕಿಸಿ ನೋಡಿಯೇ ತಂದಳು.

ನಾನು ಹಳೆಯ ಸಿಂಕನ್ನೇ ಉಳಿಸಿಕೊಂಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ವಿನೆಗರ್ ಬಟ್ಟೆ ಹಾಸಿ, ಚೆನ್ನಾಗಿ ತೊಳೆಯುತ್ತೇನೆ. ರಾತ್ರಿ ಪಾತ್ರೆ ಮುಗಿದ ಮೇಲೆ ಹಳೆಯ ಬನಿಯನ್ ತುಂಡಿನಲ್ಲಿ ಅಂಚು, ನಲ್ಲಿಯ ಬುಡ, ತಳ ಒರೆಸುತ್ತೇನೆ. ಒಂದು ನಿಮಿಷದ ಕೆಲಸ. ಸ್ಕ್ರಬ್ಬರನ್ನು ಸಿಂಕ್‌ನಲ್ಲಿ ಬಿಡದೆ ಗೋಡೆಗೆ ನೇತು ಹಾಕುತ್ತೇನೆ. ತಳಕ್ಕೆ ಹಾಸುತ್ತಿದ್ದ ರಬ್ಬರ್ ಮ್ಯಾಟ್ ತೆಗೆದುಬಿಟ್ಟೆ, ಅದರಡಿಯ ನೀರು ಆರುತ್ತಲೇ ಇರಲಿಲ್ಲ.

ಈಗ ಯಾರಾದರೂ ಯಾವ ಸಿಂಕ್ ಒಳ್ಳೆಯದು ಅಂತ ಕೇಳಿದರೆ ನಾನು ನೇರ ಹೆಸರು ಹೇಳುವುದಿಲ್ಲ. ಒಂದು ಬಾಟಲಿಯಲ್ಲಿ ನಿಮ್ಮನೆ ನೀರು ತುಂಬಿಕೊಂಡು ಅಂಗಡಿಗೆ ಹೋಗಿ ಅನ್ನುತ್ತೇನೆ. ಕಾಂಪೊಸಿಟ್ ಸಿಂಕ್‌ಗೆ ಅಂಗೈಯಗಲದ ಬಣ್ಣದ ಬಿಲ್ಲೆಗಳು ಇಟ್ಟಿರುತ್ತಾರೆ. ಕೇಳಿ ತಂದು, ಒಂದೊಂದರ ಮೇಲೂ ನಾಲ್ಕು ಹನಿ ಹಾಕಿ ಆರಲು ಬಿಡಿ. ಆರಿದ ಮೇಲೆ ಮತ್ತೆ ಅಲ್ಲೇ ಹಾಕಿ, ಒಂದು ವಾರ. ಪರೀಕ್ಷಾಲಯಕ್ಕೆ ಹೋಗಲು ಆಗದವರು ಅರ್ಧ ಬಾಟಲಿ ನೀರಿಗೆ ಒಂದು ಚೂರು ಸಾದಾ ಸೋಪು ಹಾಕಿ ಕುಲುಕಿ ನೋಡಲಿ. ನೊರೆ ಎದ್ದು ನಿಂತು ನೀರು ತಿಳಿಯಾಗಿದ್ದರೆ ಮೆದು. ನೊರೆ ಬಾರದೆ ಹಾಲಿನ ಹಾಗೆ ಕದಡಿ ಜಿಡ್ಡು ತೇಲಿದರೆ ಗಡಸು. ಕ್ಲೋರೈಡ್ ಮಾತ್ರ ಹೀಗೆ ಗೊತ್ತಾಗದು, ಅದಕ್ಕೆ ಪರೀಕ್ಷೆಯೇ ಬೇಕು. ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ನಮ್ಮ ನೀರಿಗೂ ಅಕ್ಕನ ನೀರಿಗೂ ಅದರಲ್ಲಿ ಅಂಥ ವ್ಯತ್ಯಾಸ ಕಂಡಿರಲಿಲ್ಲ.

ಒಮ್ಮೆ ಒಂದು ಕಪ್ಪು ತಟ್ಟೆಯ ಮೇಲೆ ಎರಡೂ ಮನೆಯ ನೀರಿನ ಹನಿ ಪಕ್ಕ ಪಕ್ಕ ಇಟ್ಟು ಒಣಗಿಸಿದ್ದೆ. ನಮ್ಮದು ಬಿಳಿ ಬಳೆ. ಅಕ್ಕನದ್ದು ದೂರಕ್ಕೆ ಏನೂ ಇಲ್ಲವೇನೋ ಅನ್ನುವ ಹಾಗೆ. ಭೂತಗನ್ನಡಿ ಹಿಡಿದಾಗ ಸಣ್ಣ ಸಣ್ಣ ಚೌಕ ಹರಳುಗಳು ಮಿನುಗಿದವು, ಉಪ್ಪು. ಆ ತಟ್ಟೆಯ ಫೋಟೋ ಅಕ್ಕನ ಮಗಳಿಗೂ ಕಳಿಸಿದ್ದೆ.

ಅವಳು ಈಗ ಬೇರೆ ಊರಿನಲ್ಲಿ ಹೊಸ ಮನೆ ಮಾಡುತ್ತಿದ್ದಾಳೆ. ಹೋದ ವಾರ ಬಂದವಳು ಒಂದು ಬಾಟಲಿ ಕೈಗಿಟ್ಟು, "ಮಾಮ, ನಮ್ಮನೆ ನೀರು. ನೋಡಿ ಹೇಳು, ಆಮೇಲೆ ಸಿಂಕ್ ತಗೋತೀನಿ" ಅಂದಳು. ಅದೇ ಕಪ್ಪು ತಟ್ಟೆ ತೊಳೆದು, ಒರೆಸಿ, ಬೆಳಗ್ಗೆ ನಾಲ್ಕು ಹನಿ ಹಾಕಿಟ್ಟಿದ್ದೇನೆ. ಮೂರು ಇನ್ನೂ ಒದ್ದೆ ಇವೆ. ಅಂಚಿನದ್ದು ಚಪ್ಪಟೆಯಾಗಿದೆ, ಸುತ್ತ ತೆಳ್ಳಗೆ ಕೆಂಪು ಗೆರೆ ಮೂಡುತ್ತಿದೆ.